ಪಕ್ಕದ ನಾಲ್ಕು ಮಹಡಿ

ವೆಂಕಟರಮಣಪ್ಪನ ಹಿಪ್ಪುನೇರಳೆ ತೋಟದಲ್ಲಿ ಬೋರ್ಡು ನೆಟ್ಟಿದ್ದನ್ನು ಮೊದಲು ನೋಡಿದವಳು ಭಾರತಮ್ಮ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದಾಗ ಇಬ್ಬರು ಆಳುಗಳು ಗುಣಿ ತೋಡಿ ಕಬ್ಬಿಣದ ಕಂಬ ನಿಲ್ಲಿಸುತ್ತಿದ್ದರು. ಯಾವುದೋ ಗೊಬ್ಬರದ ಕಂಪನಿಯದಿರಬೇಕು ಎಂದುಕೊಂಡು ಅವಳು ರಂಗೋಲಿ ಹಾಕಿ ಒಳಗೆ ಹೋದಳು. ಕೆಲಸಕ್ಕೆ ಹೊರಟ ಅವಳ ಗಂಡ ಅಶ್ವತ್ಥಪ್ಪ ಸ್ಕೂಟರ್ ನಿಲ್ಲಿಸಿ ಅದನ್ನು ಓದಿದ. ನಾಲ್ಕು ಮಹಡಿ, ಎರಡು ಬೆಡ್‌ರೂಮಿನ ಫ್ಲಾಟುಗಳು, ಲಿಫ್ಟು, ಕಾರು ನಿಲ್ಲಿಸಲು ಜಾಗ. ಚಿತ್ರದಲ್ಲಿ ಕಟ್ಟಡದ ಸುತ್ತ ಹಸಿರು ಹುಲ್ಲು, ನಾಯಿ ಹಿಡಿದುಕೊಂಡು ನಡೆಯುವ ಬಿಳಿಯ ಹೆಂಗಸು. ಅವನ ಮನೆ ಇರಬೇಕಾದ ಕಡೆ ಒಂದು ಕೊಳ ಬರೆದಿದ್ದರು.

ಮಾಲೂರಿನಿಂದ ಲಕ್ಕೂರಿನ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ನೀಲಗಿರಿ ತೋಪು ಶುರುವಾಗುವ ಮುಂಚೆ ಸಿಗುತ್ತದೆ ಆ ಲೇಔಟು. ಅಲ್ಲಿ ಮೊದಲ ಮನೆ ಕಟ್ಟಿದವನು ಅಶ್ವತ್ಥಪ್ಪ. ಆಗ ಅವನು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಮೊದಲು ಒಂದು ರೂಮು, ಆಮೇಲೆ ಅಡಿಗೆಮನೆ, ಆಮೇಲೆ ಹಾಲು, ಹೀಗೆ ಕೈಗೆ ಬಂದಷ್ಟು ಬಂದ ಹಾಗೆ ಕಟ್ಟಿ, ಮುಂದೆ ಹೆಂಚಿನ ಪಡಸಾಲೆ ಇಳಿಸಿ, ಪಕ್ಕದಲ್ಲಿ ಕರಿಬೇವು, ಪರಂಗಿ ಗಿಡ ಹಾಕಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಒಬ್ಬಳೇ ಮಗಳು ರಂಜಿತ ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

ಲೇಔಟಿನಲ್ಲಿ ಎಲ್ಲ ಸೇರಿ ಹನ್ನೆರಡೋ ಹದಿಮೂರೋ ಮನೆ. ಎಲ್ಲವೂ ಸ್ವಂತ ಮನೆಗಳೇ. ಭಾನುವಾರ ಸಂಜೆ ಗಂಡಸರು ಅಶ್ವತ್ಥಪ್ಪನ ಪಡಸಾಲೆಯಲ್ಲಿ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಚದರಡಿಯ ರೇಟಿಗೇ ಬಂದು ನಿಲ್ಲುತ್ತಿತ್ತು. ಹೈವೇ ಕಡೆ ಎಷ್ಟಾಗಿದೆ, ಟೇಕಲ್ ರಸ್ತೆಯಲ್ಲಿ ಎಷ್ಟು ನಡೆದಿದೆ, ಹಾಗಾದರೆ ನಮ್ಮದು ಎಷ್ಟಿರಬಹುದು. ಮಾರುವವರು ಯಾರೂ ಇರಲಿಲ್ಲ. ಆದರೂ ಆ ಮಾತು ಮುಗಿಸಿ ಎದ್ದು ಹೋಗುವಾಗ ಪ್ರತಿಯೊಬ್ಬನ ನಡಿಗೆಯಲ್ಲೂ ಸ್ವಲ್ಪ ಗತ್ತು ಇರುತ್ತಿತ್ತು. ಅಶ್ವತ್ಥಪ್ಪನಿಗಂತೂ ತನ್ನ ಜೀವಮಾನದ ದುಡಿಮೆಗೆ ಯಾರೋ ನಂಬರು ಕೊಟ್ಟ ಹಾಗೆ ಅನಿಸುತ್ತಿತ್ತು.

ಬೋರ್ಡು ನೆಟ್ಟ ವಾರದ ಭಾನುವಾರ ಎಲ್ಲರಿಗಿಂತ ಹೆಚ್ಚು ಕಂಗಾಲಾಗಿ ಬಂದವನು ಚಂದ್ರಮೋಹನ್. ಅವನದು ಎರಡನೇ ಸಾಲಿನ ಮನೆ. ಮಾಲೂರಿನ ಬಜಾರಿನಲ್ಲಿ ಪೇಂಟು, ಹಾರ್ಡ್‌ವೇರಿನ ಅಂಗಡಿ ಇಟ್ಟಿದ್ದರಿಂದ ಮನೆಗಳ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು.

"ಫ್ಲಾಟ್ ಬಂತು ಅಂದ್ರೆ ನಮ್ಮ ಮನೆಗಳ ರೇಟು ಹೋಯ್ತು ಅಂತಾನೇ ತಿಳ್ಕೊಳ್ಳಿ," ಎಂದ ಚಂದ್ರಮೋಹನ್. "ಒಂದ್ ಮನೆ ಜಾಗದಲ್ಲಿ ನಾಲ್ಕ್ ಮನೆ ಕೊಡ್ತಾರೆ. ಅಷ್ಟು ಕಮ್ಮಿಗೆ ಸಿಗೋವಾಗ ನಮ್ಮದನ್ನ ಯಾರು ಕೇಳ್ತಾರೆ? ಬರೋರೆಲ್ಲ ಬಾಡಿಗೆಗೆ ಬರೋರು. ಗಲಾಟೆ, ಗಾಡಿ, ಕಸ. ಬೋರ್ ಕೊರೆದ್ರೆ ನಮ್ಮ ಬೋರಲ್ಲಿ ನೀರೂ ಇರಲ್ಲ."

"ನಿಮ್ಮದಾದ್ರೂ ಹಿಂದಿದೆ," ಎಂದ ಅಶ್ವತ್ಥಪ್ಪ. "ನನ್ನ ಕಾಂಪೌಂಡಿಗೇ ಅಂಟ್ಕೊಂಡು ಬರುತ್ತೆ."

ಎಲ್ಲರೂ ಸೇರಿ ಒಂದು ಅರ್ಜಿ ಬರೆದು ಪುರಸಭೆಗೆ ಕೊಟ್ಟರು. ಅಲ್ಲಿದ್ದ ಎಂಜಿನಿಯರ್ ಮರ್ಯಾದೆಯಿಂದಲೇ ಕೂರಿಸಿ, ಪ್ಲಾನಿಗೆ ಅನುಮತಿ ಸಿಕ್ಕಿದೆ, ಬಿಡಬೇಕಾದಷ್ಟು ಜಾಗ ಬಿಟ್ಟಿದ್ದಾರೆ, ತಡೆಯಲು ಕಾರಣವಿಲ್ಲ ಎಂದು ಹೇಳಿ ಕಳಿಸಿದ. ಹಿಂದಿರುಗುವಾಗ ಅಶ್ವತ್ಥಪ್ಪ ನೇರವಾಗಿ ಭೂಮಿ ಕೊಟ್ಟ ವೆಂಕಟರಮಣಪ್ಪನ ಮನೆಗೇ ಹೋದ. ವೆಂಕಟರಮಣಪ್ಪ ಜಗಲಿಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಕೊಡೋಕ್ ಮುಂಚೆ ನಮಗೊಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?"

"ಏನಂತ ಹೇಳ್ಲಿ ಅಶ್ವತ್ಥ? ಸೊಪ್ಪು ಕಡಿಯೋಕ್ ಆಳು ಸಿಗಲ್ಲ. ರೇಷ್ಮೆ ಹುಳ ಹಣ್ಣಾಗೋ ಟೈಮಿಗೆ ನಾನೂ ನಮ್ಮ ಹೆಂಗಸ್ರೂ ನಿದ್ದೆ ಬಿಟ್ಟು ಎಷ್ಟ್ ವರ್ಷ ಮಾಡೋದು?" ಎಂದ ಆ ಹಿರಿಯ. ಆಮೇಲೆ ಕೋಪವಿಲ್ಲದೆಯೇ ಹೇಳಿದ: "ನಿನ್ನ ಮನೆ ಇರೋದೂ ನಮ್ಮ ಚಿಕ್ಕಪ್ಪನ ರಾಗಿ ಹೊಲದಾಗೇ ಕಣಪ್ಪ. ನೀನು ಪಾಯ ತೋಡ್ದಾಗ ನಮ್ಮಪ್ಪ ಒಂದ್ ವಾರ ಆ ಕಡೆ ತಲೆ ಹಾಕ್ಲಿಲ್ಲ."

ಅಶ್ವತ್ಥಪ್ಪನಿಗೆ ಇದು ಗೊತ್ತಿರಲಿಲ್ಲ. ವೆಂಕಟರಮಣಪ್ಪ ಕೊಟ್ಟ ಕಾಫಿ ಕುಡಿದು ಮನೆಗೆ ಬಂದ.

ಪಾಯ ತೆಗೆಯುವ ಯಂತ್ರ ಬರುವ ಹೊತ್ತಿಗೆ ಚಂದ್ರಮೋಹನ್ ತನ್ನ ಮನೆ ಮಾರಿಬಿಟ್ಟಿದ್ದ. ಕೊಂಡವಳು ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ವ್ಯಾಪಾರ ಮಾಡುವ ಮುನಿಲಕ್ಷ್ಮಿ ಎಂಬ ಗಟ್ಟಿ ಹೆಂಗಸು. ಚಂದ್ರಮೋಹನ್ ಹೆದರಿದ್ದಾನೆ ಎಂಬುದನ್ನು ಅವಳು ಅವನ ಮುಖದಲ್ಲೇ ಓದಿಕೊಂಡು, ಕ್ರೇಟಿನ ತಳದ ಹಣ್ಣು ನೋಡಿ ಬೆಲೆ ಇಳಿಸುವ ಹಾಗೆ ಇಳಿಸಿದಳು. ಅವನೂ ಕೊಟ್ಟುಬಿಟ್ಟ. ಅವನು ಕೋಲಾರದಲ್ಲಿ ಸೈಟು ಕೊಂಡು, ಅಂಗಡಿಯನ್ನೂ ಅಲ್ಲಿಗೇ ಸಾಗಿಸಿದ.

ಆ ರೇಟು ಕೇಳಿದ ದಿನ ಅಶ್ವತ್ಥಪ್ಪನಿಗೆ ಊಟ ಸೇರಲಿಲ್ಲ.

"ಅವನ್ ಮನೆಗೇ ಅಷ್ಟೇ ಸಿಕ್ಕಿದ್ರೆ ನಮ್ಮದು ಇನ್ನೂ ಕಮ್ಮಿ," ಎಂದ, ಮುದ್ದೆಯ ಮೇಲಿನ ಸಾರು ಆರಿಹೋಗುತ್ತಿತ್ತು.

"ನಾವೇನ್ ಮಾರ್ತಿದ್ದೀವಾ?" ಎಂದಳು ಭಾರತಮ್ಮ.

"ಮಾರಲ್ಲ. ಆದ್ರೂ."

"ಮಾರಲ್ಲ ಅಂದ್ಮೇಲೆ ಎಷ್ಟಿದ್ರೇನು? ನಿನ್ನೆ ಇದ್ದ ಮನೇನೇ ಇವತ್ತೂ ಐತೆ. ಗೋಡೆ ಏನು ಚಿಕ್ಕದಾಯ್ತಾ? ಉಣ್ಣಿ."

ಅವನು ಉಂಡ. ಆದರೆ ಗೋಡೆ ಚಿಕ್ಕದಾದ ಹಾಗೇ ಅವನಿಗೆ ಅನಿಸಿತ್ತು.

ಎರಡು ವರ್ಷ ಧೂಳು. ಜಲ್ಲಿ ತುಂಬಿದ ಲಾರಿಗಳು ಮಣ್ಣಿನ ರಸ್ತೆಯನ್ನು ಕೊಚ್ಚೆ ಮಾಡಿದವು. ರಂಜಿತ ಬಿಳಿ ಯೂನಿಫಾರ್ಮನ್ನು ಹೊರಗೆ ಒಣಗಿಸುವುದನ್ನೇ ಬಿಟ್ಟಳು. ಒಂದೊಂದಾಗಿ ಮಹಡಿಗಳು ಏರಿದವು. ಮೂರನೆಯ ಮಹಡಿಯ ಗೋಡೆ ಎದ್ದ ದಿನ ಭಾರತಮ್ಮ ಎಂದಿನ ಹಾಗೆ ಅಂಗಳದಲ್ಲಿ ಚಾಪೆ ಹಾಸಿ, ಉಪ್ಪು ಹಚ್ಚಿದ ಮಾವಿನ ಹೋಳುಗಳನ್ನು ಹರವಿ ಕಾದಳು. ಬೆಳಗಿನ ಬಿಸಿಲು ಬರಲೇ ಇಲ್ಲ. ನೆತ್ತಿಯ ಮೇಲೆ ಬಂದ ಮೇಲೆ ಸ್ವಲ್ಪ ಹೊತ್ತು ಬಿದ್ದು, ಮತ್ತೆ ಮನೆಯ ಹಿಂದಕ್ಕೆ ಸರಿದುಹೋಯಿತು. ಅವಳ ತವರು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಪ್ರತಿ ಬೇಸಿಗೆಯಲ್ಲಿ ಅಣ್ಣ ಅಲ್ಲಿಂದ ಒಂದು ಚೀಲ ಕಾಯಿ ಕಳಿಸುತ್ತಿದ್ದ, ಆ ಉಪ್ಪಿನಕಾಯಿ ಲೇಔಟಿನ ಎಲ್ಲ ಮನೆಗೂ ಹೋಗುತ್ತಿತ್ತು. ಆ ವರ್ಷದ್ದು ಬೂಷ್ಟು ಹಿಡಿಯಿತು. ಅವಳು ಯಾರನ್ನೂ ಬೈಯಲಿಲ್ಲ. ಜಾಡಿಯನ್ನು ಹಿತ್ತಲಿಗೆ ಒಯ್ದು ಸುರಿದು, ತೊಳೆದು, ಬೋರಲು ಹಾಕಿದಳು. ಅದನ್ನು ನೋಡಿದ ಅಶ್ವತ್ಥಪ್ಪನಿಗೆ ರೇಟು ಬಿದ್ದಾಗ ಆದದ್ದಕ್ಕಿಂತ ಹೆಚ್ಚು ಸಂಕಟವಾಯಿತು.

ಜನ ಬರಲು ಶುರುವಾದ ಮೇಲೆ ಅವನು ಕಾಂಪೌಂಡ್ ಗೋಡೆಯ ಮೇಲೆ ತಗಡಿನ ಶೀಟು ಕಟ್ಟಿಸಿದ. ಶೀಟು ಎಷ್ಟು ಎತ್ತರವಿದ್ದರೂ ಮೇಲಿನವರಿಗೆ ಅಂಗಳ ಕಾಣುತ್ತಲೇ ಇತ್ತು. ಬದಲಿಗೆ ಗಾಳಿ ಬಂದಾಗಲೆಲ್ಲ ಅದು ಧಡಧಡ ಎಂದು ಬಡಿದುಕೊಂಡು, ಮಧ್ಯಾಹ್ನ ಒಂದು ಗಳಿಗೆ ಮಲಗುವುದೂ ಕಷ್ಟವಾಯಿತು.

ಒಂದು ದಿನ ಭಾರತಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಮೇಲಿನಿಂದ ಒಂದು ದನಿ ಕೇಳಿತು.

"ಏಂ ವಂಟ ಅಕ್ಕಾ?"

ಏನು ಅಡಿಗೆ ಎಂದು ತೆಲುಗಿನಲ್ಲಿ ಕೇಳಿದ್ದು. ಭಾರತಮ್ಮ ತಲೆ ಎತ್ತಿದಳು. ಎರಡನೇ ಮಹಡಿಯ ಕೊನೆಯ ಫ್ಲಾಟಿನ ಅಡಿಗೆಮನೆಯ ಹಿಂದೆ, ಬಟ್ಟೆ ಒಗೆಯುವ ಪುಟ್ಟ ಜಾಗದಲ್ಲಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಒಬ್ಬ ಹೆಂಗಸು ಗ್ರಿಲ್ಲು ಹಿಡಿದು ನಗುತ್ತಿದ್ದಳು. ತವರಿನ ಭಾಷೆಯಲ್ಲಿ ಯಾರಾದರೂ ಹೀಗೆ ದಾರಿಯಲ್ಲಿ ಹೋಗುವವರ ಹಾಗೆ ಸುಮ್ಮನೆ ಅಡಿಗೆ ಕೇಳಿ ಎಷ್ಟು ಕಾಲವಾಗಿತ್ತೋ. ಲಕ್ಕೂರಿನ ಕಡೆಯವನಾದ ಅಶ್ವತ್ಥಪ್ಪನಿಗೆ ತೆಲುಗು ಅರ್ಥವಾಗುತ್ತಿತ್ತು, ಆದರೆ ಉತ್ತರ ಕನ್ನಡದಲ್ಲೇ ಬರುತ್ತಿತ್ತು.

"ಹಿತಕಿದ ಬೇಳೆ ಮಾಡೋಣ ಅಂತ," ಎಂದು ಭಾರತಮ್ಮ ತೆಲುಗಿನಲ್ಲೇ ಹೇಳಿದಳು. "ಮೀದಿ ಏ ಊರು?"

ನಿಮ್ಮದು ಯಾವ ಊರು ಎಂಬ ಆ ಪ್ರಶ್ನೆಗೆ ಉತ್ತರ ಸಂಜೆಯವರೆಗೂ ನಡೆಯಿತು. ಅವಳ ಹೆಸರು ಗಂಗಾಲಕ್ಷ್ಮಿ, ಮುಳಬಾಗಿಲಿನವಳು. ಗಂಡ ಸುರೇಶ್ ಕೈಗಾರಿಕಾ ಪ್ರದೇಶದಲ್ಲಿ ಲೈನ್ ಸೂಪರ್‌ವೈಸರ್. ಇಬ್ಬರು ಹೆಣ್ಣುಮಕ್ಕಳು. ಫ್ಲಾಟು ಸಾಲ ಮಾಡಿ ಕೊಂಡದ್ದು. ಅವಳು ಮನೆಯಲ್ಲೇ ಬ್ಲೌಸು, ಚೂಡಿದಾರು ಹೊಲಿಯುತ್ತಾಳೆ. ಕತ್ತಲಾಗುವ ಹೊತ್ತಿಗೆ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಬುಟ್ಟಿ ಇಳಿದು, ಕರಿಬೇವು ತುಂಬಿಕೊಂಡು ಏರಿತು.

ಆಮೇಲೆ ಬುಟ್ಟಿ ಖಾಲಿಯಾಗಿ ಇಳಿದದ್ದೇ ಕಡಿಮೆ. ಒಬ್ಬಟ್ಟು, ಮುಳಬಾಗಿಲಿನಿಂದ ತಂದ ಕಡಲೆಕಾಯಿ, ಹೊಲಿದ ಬ್ಲೌಸು. ಗಂಗಾಲಕ್ಷ್ಮಿಯಿಂದ ಬೇರೆ ಫ್ಲಾಟಿನವರೂ ಪರಿಚಯವಾದರು. ಮುಂದಿನ ಬೇಸಿಗೆಯಲ್ಲಿ ಅವಳು ಭಾರತಮ್ಮನ ಮಾವಿನ ಹೋಳಿನ ಬೇಸಿನ್ನನ್ನು ಲಿಫ್ಟಿನಲ್ಲಿ ಹಾಕಿಕೊಂಡು ಟೆರೇಸಿಗೆ ಒಯ್ದಳು. ಅಲ್ಲಿ ತಡೆಯಿಲ್ಲದ ಬಿಸಿಲು. ಸುತ್ತಲೂ ನೀಲಗಿರಿ ತೋಪು, ಕೆರೆ, ದೂರದಲ್ಲಿ ಬಂಗಾರಪೇಟೆಯ ಕಡೆ ಹೋಗುವ ರೈಲು. ಭಾರತಮ್ಮ ಕಾಗೆ ಓಡಿಸುವ ನೆಪದಲ್ಲಿ ಮಧ್ಯಾಹ್ನದವರೆಗೂ ಅಲ್ಲೇ ಇದ್ದಳು. ಆ ಕಡೆ ಈ ಕಡೆಯ ಫ್ಲಾಟಿನ ಹೆಂಗಸರು ಬಂದು ಕೂತು, ಹೋಳು ತಿರುವಿಹಾಕಿ, ಒಂದೆರಡು ಬಾಯಿಗೂ ಹಾಕಿಕೊಂಡರು.

ಅಶ್ವತ್ಥಪ್ಪನಿಗೆ ಇದೆಲ್ಲ ಮೊದಮೊದಲು ಹಿಡಿಸಲಿಲ್ಲ. ಆದರೂ ಕಣ್ಣಿಗೆ ಬಿದ್ದದ್ದನ್ನು ಇಲ್ಲ ಎನ್ನುವವನಲ್ಲ ಅವನು. ಫ್ಲಾಟಿನವರೆಲ್ಲ ಒಟ್ಟಾಗಿ ಹೋಗಿ ಕೇಳಿದ್ದರಿಂದ ಪುರಸಭೆಯ ನೀರಿನ ಪೈಪು ಲೇಔಟಿನವರೆಗೂ ಬಂತು. ಲೇಔಟಿನ ಹಳಬರು ಹತ್ತು ವರ್ಷ ಕೇಳಿದಾಗ ಬಂದಿರಲಿಲ್ಲ. ರಸ್ತೆಗೆ ಟಾರು ಬಿತ್ತು. ಮೊದಲು ಕೈ ಅಡ್ಡ ಹಾಕಿದರೂ ನಿಲ್ಲದ ಬಸ್ಸು ಈಗ ತಾನಾಗಿಯೇ ನಿಂತಿತು. ರಂಜಿತ ಸಂಜೆ ಬಸ್ಸಿಳಿದರೆ ದಾರಿಯುದ್ದಕ್ಕೂ ಬೀದಿದೀಪ, ಹಾಲಿನ ಬೂತು, ಮೆಡಿಕಲ್ ಸ್ಟೋರು. ಅವನು ಟಾರ್ಚ್ ಹಿಡಿದು ರಸ್ತೆಯವರೆಗೆ ಹೋಗಿ ಕಾಯುವುದು ನಿಂತುಹೋಯಿತು. ಒಂದು ಭಾನುವಾರ ಯಾರಿಗೂ ಏನೂ ಹೇಳದೆ ತಗಡಿನ ಶೀಟು ಬಿಚ್ಚಿ, ಗುಜರಿಯವನಿಗೆ ಕೊಟ್ಟ.

ಬ್ರೋಕರ್ ಪೆದ್ದಪ್ಪ ಬಂದದ್ದು ಆ ನಂತರ. ಬಿಳಿ ಪ್ಯಾಂಟು, ಬಿಳಿ ಶರಟು, ಕಂಕುಳಲ್ಲಿ ಚರ್ಮದ ಬ್ಯಾಗು. ಪಡಸಾಲೆಯಲ್ಲಿ ಕೂತು, ಮಜ್ಜಿಗೆ ಕುಡಿದು, ಮನೆ ಕೊಡುತ್ತೀರಾ ಎಂದು ಕೇಳಿದ.

"ಫ್ಲಾಟ್ ಪಕ್ಕದ ಮನೆ ಯಾರಿಗೆ ಬೇಕು?" ಎಂದ ಅಶ್ವತ್ಥಪ್ಪ.

"ಸ್ವಾಮಿ, ಬೇಕಾಗಿರೋದೇ ಫ್ಲಾಟ್ನೋರಿಗೆ," ಎಂದ ಪೆದ್ದಪ್ಪ. "ಊರಿಂದ ಬರ್ತಾರೆ, ಫ್ಲಾಟಲ್ಲಿ ಇರ್ತಾರೆ. ಮಕ್ಕಳಿಗೆ ಸ್ಕೂಲು ಆಗುತ್ತೆ, ಜಾಗ ಅಭ್ಯಾಸ ಆಗುತ್ತೆ. ಆಮೇಲೆ ನೆಲದ ಮೇಲೆ ಒಂದ್ ಮನೆ ಇದ್ದಿದ್ರೆ ಅನ್ಸುತ್ತೆ. ಫ್ಲಾಟ್ ಅಲ್ಲಿ ಅಷ್ಟಿದಾವೆ, ಸ್ವಂತ ಮನೆ ಇಲ್ಲಿ ಇಷ್ಟೇ. ಕೇಳೋರು ಜಾಸ್ತಿ, ಕೊಡೋರು ಇಲ್ಲ. ರೇಟ್ ಮೇಲಕ್ಕೆ ಹೋಗ್ದೆ ಇನ್ನೇನ್ ಮಾಡುತ್ತೆ?"

ಅವನು ಹೇಳಿದ ರೇಟು ಬೋರ್ಡು ನೆಡುವ ಮೊದಲಿದ್ದ ರೇಟಿಗಿಂತ ಬಹಳ ಹೆಚ್ಚಿತ್ತು.

"ಸುಳ್ಳು ಹೇಳಲ್ಲ, ಇದು ಎರಡನೇ ಸಾಲಿನ ಮನೆಗಳ ರೇಟು," ಎಂದು ಪೆದ್ದಪ್ಪ ಮುಂದುವರಿಸಿದ. "ನಿಮ್ಮದು ಗೋಡೆಗೆ ಅಂಟ್ಕೊಂಡೈತೆ. ಬಿಸಿಲಿಲ್ಲ, ಮೇಲಿಂದ ಎಲ್ಲ ಕಾಣುತ್ತೆ. ನಿಮ್ಮದಕ್ಕೆ ಸ್ವಲ್ಪ ಇಳಿಸ್ಬೇಕಾಗುತ್ತೆ. ಆದ್ರೂ ಆಗ ಇದ್ದಿದ್ದಕ್ಕಿಂತ ಮೇಲೇನೇ."

ಕೊಡುವುದಿಲ್ಲ ಎಂದು ಅಶ್ವತ್ಥಪ್ಪ ಅವನನ್ನು ಕಳಿಸಿದ. ಆದರೆ ಆ ಇಡೀ ವಾರ ಅವನ ಕಾಲು ನೆಲಕ್ಕೆ ತಾಗಲಿಲ್ಲ. ಸ್ಟೋರ್ಸಿನಲ್ಲಿ ಹುಡುಗರಿಗೆ ಎರಡು ಸಲ ಟೀ ಕೊಡಿಸಿದ.

ಆ ತಿಂಗಳಲ್ಲೇ ಚಂದ್ರಮೋಹನ್ ತಮ್ಮನ ಮಗಳ ಮದುವೆಗೆ ಕರೆಯಲು ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪತ್ರಿಕೆ ಕೊಟ್ಟು ಕೂತವನು ಹೆಬ್ಬಾಗಿಲಿನಿಂದ ತನ್ನ ಹಳೆಯ ಮನೆಯ ಕಡೆ ನೋಡಿದ. ಮುನಿಲಕ್ಷ್ಮಿ ಅದರ ಮೇಲೆ ಇನ್ನೊಂದು ಮಹಡಿ ಏರಿಸಿ, ತಿಳಿಹಸಿರು ಬಣ್ಣ ಹೊಡೆಸಿದ್ದಳು. ಮೇಲೆ ಬಾಡಿಗೆಗೆ ಇದ್ದವರ ಬಟ್ಟೆಗಳು ಹಾರಾಡುತ್ತಿದ್ದವು.

"ರಸ್ತೆ ಎಲ್ಲ ಚೆನ್ನಾಗ್ ಆಗಿದೆ," ಎಂದ ಚಂದ್ರಮೋಹನ್. "ಇವಾಗ ಇಲ್ಲಿ ಏನ್ ರೇಟ್ ನಡೀತಿದೆ?"

ಅಶ್ವತ್ಥಪ್ಪ ಈ ಪ್ರಶ್ನೆಗಾಗಿ ಎಷ್ಟು ಕಾಲದಿಂದ ಕಾದಿದ್ದನೋ. ಹೆದರಿಸಿದವನೂ ಇವನೇ, ಓಡಿಹೋದವನೂ ಇವನೇ, ಇವನು ಮಾರಿದ ರೇಟು ಕೇಳಿ ತನಗೆ ಊಟ ಸೇರದೆ ಹೋದದ್ದೂ ಉಂಟು. ನಂಬರು ನಾಲಿಗೆಯ ತುದಿಯಲ್ಲಿತ್ತು. ಚಂದ್ರಮೋಹನ್ ಕೈಯಲ್ಲಿ ಉಳಿದ ಪತ್ರಿಕೆಗಳ ಕಟ್ಟನ್ನು ಸರಿಪಡಿಸುತ್ತ, ಅವನ ಮುಖ ನೋಡದೆ, ಉತ್ತರಕ್ಕಾಗಿ ಕಾಯುತ್ತಿದ್ದ.

"ಅಂಥದ್ದೇನಿಲ್ಲ," ಎಂದ ಅಶ್ವತ್ಥಪ್ಪ. "ನೀವು ಕೊಟ್ಟಾಗಿದ್ದಕ್ಕಿಂತ ಒಂಚೂರು ಜಾಸ್ತಿ ಇರ್ಬಹುದು. ಕೋಲಾರದಷ್ಟೇನ್ ಇಲ್ಲ."

ಚಂದ್ರಮೋಹನ್‌ನ ಭುಜ ಸಡಿಲವಾಯಿತು. ಕೋಲಾರದ ಅಂಗಡಿ, ಅಲ್ಲಿನ ವ್ಯಾಪಾರ ಎಂದು ಬಹಳ ಹೊತ್ತು ಮಾತಾಡಿದ. ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು ಉಂಡ. ಅವನು ಹೋದ ಮೇಲೆ ಭಾರತಮ್ಮ ತಟ್ಟೆ ತೆಗೆಯುತ್ತ ಕೇಳಿದಳು:

"ಯಾಕ್ರೀ ಕಮ್ಮಿ ಹೇಳಿದ್ರಿ?"

"ನೆಮ್ಮದಿಯಾಗಿ ಊಟ ಮಾಡ್ಲಿ ಅಂತ."

ಅವಳು ರಾತ್ರಿಯ ಸಾರಿಗೆ ಅವನಿಗೆ ಇಷ್ಟವಾದ ಹುರುಳಿಕಾಳು ಹಾಕಿದಳು.

ಅತ್ತ ಗಂಗಾಲಕ್ಷ್ಮಿಗೆ ಒಂದು ತೊಂದರೆ ಶುರುವಾಗಿತ್ತು. ಹೊಲಿಗೆ ಹೆಚ್ಚಾಗಿ ಅವಳು ಮೋಟಾರಿನ ದೊಡ್ಡ ಮಿಷನ್ನು ತಂದಿದ್ದಳು. ಅದು ಓಡಿದರೆ ಕೆಳಗಿನ ಫ್ಲಾಟಿನ ಚಾವಣಿ ಗುಂಯ್‌ಗುಟ್ಟುತ್ತಿತ್ತು. ಅಲ್ಲೊಂದು ಎಳೆ ಮಗು, ನಿದ್ದೆಯಿಲ್ಲ. ಬಟ್ಟೆ ಕೊಡಲು ಬರುವ ಹೆಂಗಸರು ದಿನವಿಡೀ ಲಿಫ್ಟಿನಲ್ಲಿ ಓಡಾಡುತ್ತಾರೆಂದು ಫ್ಲಾಟಿನವರ ಸಂಘದವರು ಕರೆದು ಹೇಳಿದರು. ಗಲಾಟೆಯೇನೂ ಆಗಲಿಲ್ಲ. ಅವರ ಮಾತು ನ್ಯಾಯವಾದದ್ದೇ ಎಂದು ಅವಳಿಗೂ ಗೊತ್ತಿತ್ತು. ಆದರೆ ಪೇಟೆಯಲ್ಲಿ ಅಂಗಡಿ ಮಾಡಿದರೆ ಅವಳ ಗಿರಾಕಿಗಳು ಅಷ್ಟು ದೂರ ಬರುವುದಿಲ್ಲ. ಅವರೆಲ್ಲ ಆ ನಾಲ್ಕು ಮಹಡಿಯವರೇ.

ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ಹಣ್ಣು ಹಿಡಿದುಕೊಂಡು ಬಂದರು. ಸುರೇಶ್ ಬಾಗಿಲಲ್ಲೇ ತಡವರಿಸಿದ.

"ಅಂಕಲ್, ಕೇಳೋಕೆ ಒಂಥರಾ ಆಗುತ್ತೆ. ಬ್ರೋಕರ್ ಪೆದ್ದಪ್ಪ ಅವರನ್ನ ಕಳಿಸಿದ್ದು ನಾವೇ."

ಅಶ್ವತ್ಥಪ್ಪ ಅವನನ್ನೇ ನೋಡಿದ.

"ನೇರ ಕೇಳಿದ್ರೆ ನೀವು ಬೇಜಾರ್ ಮಾಡ್ಕೊತೀರಿ ಅಂತ," ಎಂದಳು ಗಂಗಾಲಕ್ಷ್ಮಿ. "ಇವಾಗ ನಾವೇ ಬಂದಿದ್ದೀವಿ. ಬೇರೆ ಯಾರಿಗೋ ಇದು ಗೋಡೆ ಪಕ್ಕದ ಮನೆ ಆಗ್ಬಹುದು. ನನಗೆ ಗೋಡೆ ಪಕ್ಕದಲ್ಲೇ ಬೇಕು. ಮುಂದಿನ ರೂಮಲ್ಲಿ ಮಿಷನ್ ಇಟ್ರೆ ಬ್ಲೌಸ್ ಕೊಡೋರು ಚಪ್ಪಲಿ ಮೆಟ್ಕೊಂಡು ಇಳಿದು ಬರ್ತಾರೆ. ಎರಡನೇ ಸಾಲಿನ ರೇಟಿಗಿಂತ ಕಮ್ಮಿ ಕೊಡಲ್ಲ ಅಂಕಲ್. ಫ್ಲಾಟ್ ಮಾರಿ, ಮೇಲೆ ಸಾಲ ತಗೊಂಡು ಕೊಡ್ತೀವಿ. ಕೊಡಲ್ಲ ಅಂದ್ರೂ ಪರವಾಗಿಲ್ಲ. ಕರಿಬೇವು ನಿಲ್ಲಿಸ್ಬೇಡಿ ಅಷ್ಟೆ."

ಅಶ್ವತ್ಥಪ್ಪ ನಕ್ಕ. "ಕರಿಬೇವಿಗೇನು, ಗಿಡಾನೇ ನಿಮ್ಮದು. ಮನೆ ಮಾತ್ರ ಆಗಲ್ಲಮ್ಮ. ಇದನ್ನ ಕೊಟ್ಟು ನಾವೆಲ್ಲಿ ಹೋಗೋಣ?"

"ಅವರ ಫ್ಲಾಟಿಗೆ," ಎಂದಳು ಭಾರತಮ್ಮ.

ಬಾಗಿಲ ಹತ್ತಿರ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಅವಳ ಕಡೆ ಮೂವರೂ ತಿರುಗಿದರು. ಅವಳ ಮುಖದಲ್ಲಿ ತಮಾಷೆಯಿರಲಿಲ್ಲ.

ಅವರಿಬ್ಬರೂ ಹೋದ ಮೇಲೆ ಅಶ್ವತ್ಥಪ್ಪ ಕೇಳಿದ, "ನಿನಗೇನಾಗಿದೆ? ಅರ್ಜಿ ಹಿಡ್ಕೊಂಡು ಪುರಸಭೆಗೆ ಓಡಾಡಿದೋನು ನಾನು. ನಾನ್ ಹೋಗಿ ಆ ಫ್ಲಾಟಲ್ಲಿರ್ಲಾ?"

"ಅರ್ಜಿ ಕೊಟ್ಟೋರು ನೀವು. ನಾನಲ್ಲ," ಎಂದಳು ಅವಳು. ಗಂಡನ ಎದುರು ಕಂಬಕ್ಕೆ ಒರಗಿ ಕೂತಳು. "ನಾ ಹೇಳ್ತೀನಿ ಕೇಳಿ. ಈ ಮನೆಗೆ ಬಂದಾಗ ಸುತ್ತ ಒಂದ್ ಮನೆ ಇರ್ಲಿಲ್ಲ. ನೀವು ಹೆಂಚಿನ ಫ್ಯಾಕ್ಟರಿಗೆ ಹೋದ್ರೆ ಸಂಜೆ ತನಕ ನಾನು ಮತ್ತೆ ಮಗು. ಮಾತಾಡೋಕೆ ಜನ ಇಲ್ಲ. ಆಮೇಲೆ ಮನೆಗಳು ಬಂದ್ವು, ಎಲ್ಲಾರೂ ಗೇಟ್ ಹಾಕ್ಕೊಂಡು ಒಳಗೇ. ದಿನಾ ಇಷ್ಟಗಲ ಅಂಗಳ ಗುಡಿಸಿ, ನೀರ್ ಹಾಕಿ, ಎಲೆ ಆರಿಸಿ ನನ್ನ ಸೊಂಟ ಹೋಯ್ತು. ನೀವು ಕಟ್ಟಿದ ಮನೆ ಅಂತ ನಾನು ಒಂದ್ ದಿನ ಏನೂ ಅಂದಿಲ್ಲ. ಇವಾಗ ನನ್ನ ಬಿಸಿಲು ಆ ಮೇಲಕ್ಕೆ ಹೋಗಿದೆ. ನಾನೂ ಅಲ್ಲಿಗೆ ಹೋಗ್ತೀನಿ ಅಂತಿದ್ದೀನಿ."

ಇಷ್ಟು ವರ್ಷ ಆ ಮನೆಗೆ ಎಷ್ಟು ಬೆಲೆ ಎಂದು ಅಶ್ವತ್ಥಪ್ಪ ಊರೆಲ್ಲ ಕೇಳಿದ್ದ. ಅವಳನ್ನು ಮಾತ್ರ ಕೇಳಿರಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಬಂದ ರಂಜಿತಳಿಗೆ ವಿಷಯ ಹೇಳಿದ. ಅವಳು ಅಮ್ಮನ ಪರವಾಗಿ ಮಾತಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ಅವಳು ಯಾರ ಪರವೂ ಆಗಲಿಲ್ಲ.

"ನೀನ್ ಇಟ್ಟಿಗೆ ಇಟ್ಟು ಕಟ್ಟಿರೋ ಮನೆ ಅಪ್ಪ. ನಿನಗೆ ಕಷ್ಟ ಆಗುತ್ತೆ ಅನ್ನೋದಾದ್ರೆ ಬೇಡ," ಎಂದಳು. "ಆದ್ರೆ ಒಂದ್ಸಲ ಹೋಗಿ ನೋಡ್ಕೊಂಡ್ ಬಾ. ನೋಡ್ದೇನೇ ಬೇಡ ಅನ್ಬೇಡ."

ಅದೂ ನಿಜವೇ. ನಾಲ್ಕು ವರ್ಷದಿಂದ ಪಕ್ಕದಲ್ಲಿದ್ದರೂ ಅವನು ಆ ಕಟ್ಟಡದೊಳಗೆ ಕಾಲಿಟ್ಟಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಭಾರತಮ್ಮ ಅವನನ್ನು ಕರೆದುಕೊಂಡು ಹೋದಳು. ವಾಚ್‌ಮನ್ ಅವಳಿಗೆ ನಮಸ್ಕಾರ ಹೇಳಿದ. ಲಿಫ್ಟಿನಲ್ಲಿ ಸಿಕ್ಕ ಮುದುಕಿಯೊಬ್ಬಳು, "ಸಂಡಿಗೆ ಇಡೋದು ಯಾವತ್ತು?" ಎಂದು ಅವಳನ್ನು ಕೇಳಿದಳು. ತನ್ನ ಹೆಂಡತಿಗೆ ಇಷ್ಟು ಜನರ ಪರಿಚಯವಿರುವುದು ಅಶ್ವತ್ಥಪ್ಪನಿಗೆ ಹೊಸದು. ಗಂಗಾಲಕ್ಷ್ಮಿಯದು ಕೊನೆಯ ಫ್ಲಾಟಾದ್ದರಿಂದ ಅದಕ್ಕೆ ಎರಡೂ ಕಡೆ ತೆರಪಿತ್ತು. ಅಡಿಗೆಮನೆ ಪಡುವಣಕ್ಕೆ, ಹಾಲಿನ ಬಾಲ್ಕನಿ ಮೂಡಣಕ್ಕೆ. ಬಾಲ್ಕನಿಯ ಬಾಗಿಲಿನಿಂದ ಬಿಸಿಲು ಹಾಲಿನ ನಡುವಿನವರೆಗೂ ಹಾಸಿತ್ತು. ಭಾರತಮ್ಮ ಸುಮ್ಮನೆ ಅದರ ಮೇಲೆ ಹೋಗಿ ನಿಂತಳು. ಕಾಲು ಬೆಚ್ಚಗಾಗುತ್ತಿದ್ದ ಹಾಗೆ ಅವಳ ಮುಖ ಬೆಳಗಿತು.

ಅವನು ಮೇಸ್ತ್ರಿಯ ಕಣ್ಣಿನಿಂದ ಗೋಡೆ ತಟ್ಟಿ ನೋಡಿದ, ಬಾಗಿಲಿನ ಚೌಕಟ್ಟು ಸವರಿದ, ಬಚ್ಚಲಿನ ಇಳಿಜಾರಿಗೆ ಒಂದು ಚೊಂಬು ನೀರು ಸುರಿದು ಪರೀಕ್ಷಿಸಿದ. ತಪ್ಪು ಹುಡುಕಲು ಹೊರಟವನಿಗೆ ದೊಡ್ಡದೇನೂ ಸಿಗಲಿಲ್ಲ.

"ಕಿಟಕಿ ಸಜ್ಜ ಚಿಕ್ಕದಾಯ್ತು. ಮಳೆ ನೀರು ಒಳಗೆ ಬರುತ್ತೆ," ಎಂದ.

"ಬರುತ್ತೆ ಅಂಕಲ್," ಎಂದು ಸುರೇಶ್ ಒಪ್ಪಿಕೊಂಡ. "ಬಟ್ಟೆ ಇಡ್ತೀವಿ."

"ಬಟ್ಟೆ ಯಾಕೆ? ತಗಡು ಹೊಡೆದ್ರೆ ಸರಿಹೋಗುತ್ತೆ."

ಹಾಗೆ ಅಂದಾಗಲೇ ಅವನು ಒಪ್ಪಿದ್ದಾನೆಂದು ಭಾರತಮ್ಮನಿಗೆ ತಿಳಿಯಿತು. ಅವನಿಗೆ ತಿಳಿಯಲು ಇನ್ನೂ ಕೆಲವು ದಿನ ಬೇಕಾಯಿತು. ಆ ದಿನಗಳಲ್ಲಿ ಅವನು ಮನೆಯ ಸುತ್ತ ಬಹಳ ಓಡಾಡಿದ. ಅಡಿಗೆಮನೆ ಕಟ್ಟುವಾಗ ಮಳೆ ಹಿಡಿದದ್ದು, ಹಾಲಿನ ನೆಲಕ್ಕೆ ಕೆಂಪು ಗಾರೆ ಹಾಕಿ ಅವನೂ ಅವಳೂ ತಿಕ್ಕಿ ಹೊಳಪು ಬರಿಸಿದ್ದು, ರಂಜಿತ ಮೊದಲು ಎದ್ದು ನಿಂತ ಗೋಡೆ. ಎಲ್ಲವೂ ನೆನಪಾದವು. ಸಂಕಟವಾಯಿತು, ಆದರೆ ಅವನು ಹೆದರಿದ್ದಷ್ಟು ಆಗಲಿಲ್ಲ. ಹಗಲೆಲ್ಲ ಮಿಷನ್ನಿನ ಸದ್ದು, ಹೆಣ್ಣುಮಕ್ಕಳ ಓಡಾಟ ಇರುವ ಮನೆಯಾಗುತ್ತದೆ ಇದು ಎಂದುಕೊಂಡಾಗ ಮನಸ್ಸು ಹಗುರವಾಯಿತು.

ಎರಡು ರಿಜಿಸ್ಟ್ರೇಷನ್ನೂ ಒಂದೇ ದಿನ ಮುಗಿದವು. ಎರಡನೇ ಸಾಲಿನ ರೇಟನ್ನೇ ಸುರೇಶ್ ಕೊಟ್ಟ. ಫ್ಲಾಟಿನ ಬೆಲೆ ಕಳೆದು ಉಳಿದದ್ದನ್ನು ಅಶ್ವತ್ಥಪ್ಪ ಬ್ಯಾಂಕಿನಲ್ಲಿ ಇಟ್ಟ. ಬ್ರೋಕರ್ ಪೆದ್ದಪ್ಪ ಎರಡೂ ಕಡೆ ಕಮಿಷನ್ ಕೇಳಿದಾಗ ಮುನಿಲಕ್ಷ್ಮಿ ಅವನೊಂದಿಗೆ ಚೌಕಾಸಿ ಮಾಡಲು ತಾನಾಗಿಯೇ ಬಂದು ಕೂತು, ಒಂದು ಕಡೆಯದಕ್ಕೆ ಇಳಿಸಿದಳು. ಸಾಮಾನು ಸಾಗಿಸಲು ಲಾರಿ ಬೇಕಾಗಲಿಲ್ಲ. ಬೀರುವನ್ನೂ ಮಂಚವನ್ನೂ ಕೈಯಲ್ಲೇ ಹೊತ್ತರು. ಅವರ ಸಾಮಾನು ಇಳಿಯುತ್ತಿದ್ದಾಗ ಇವರದು ಏರುತ್ತಿತ್ತು. ದಾರಿಯಲ್ಲಿ ಎದುರಾದಾಗ ಎರಡು ಮನೆಯವರೂ ನಿಂತು ದಣಿವಾರಿಸಿಕೊಂಡು ನಗುತ್ತಿದ್ದರು.

ಫ್ಲಾಟಿಗೆ ಹೋದ ಮೂರನೆಯ ದಿನವೋ ನಾಲ್ಕನೆಯ ದಿನವೋ ರಂಜಿತ ಸಂಜೆಯ ಬಸ್ಸಿಳಿದಳು. ಆ ದಿನ ಆಸ್ಪತ್ರೆಯಲ್ಲಿ ವಿಪರೀತ ಕೆಲಸ. ಯಾವುದನ್ನೋ ಯೋಚಿಸುತ್ತ ಬಂದವಳು ಹಳೆಯ ಗೇಟು ತೆಗೆದು, ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಿ ಕುರ್ಚಿಯ ಮೇಲೆ ಕೂತುಬಿಟ್ಟಳು. ಮಿಷನ್ನಿನ ಮುಂದಿದ್ದ ಗಂಗಾಲಕ್ಷ್ಮಿ ಅವಳನ್ನು ನೋಡಿ, ಏನೂ ಆಗದವಳಂತೆ, "ಕೈ ತೊಳ್ಕೊಂಡ್ ಬಾ, ಬಿಸಿ ಬಿಸಿ ಮುದ್ದೆ ಐತೆ," ಎಂದಳು. ಅಷ್ಟಾದ ಮೇಲೆ ರಂಜಿತಳಿಗೆ ತಾನೆಲ್ಲಿದ್ದೇನೆ ಎಂದು ಹೊಳೆದು ನಾಚಿಕೆಯಾಯಿತು. ಗಂಗಾಲಕ್ಷ್ಮಿಯ ಮಕ್ಕಳು ಕಿಸಕ್ಕೆಂದು ನಕ್ಕವು, ಅವಳೂ ನಕ್ಕು, ತಟ್ಟೆ ಹಿಡಿದು ಅವರ ಜೊತೆ ಅಂಗಳದಲ್ಲಿ ಬಂದು ಕೂತಳು.

ಮೇಲೆ ಅಡಿಗೆಮನೆಯ ಕಿಟಕಿಯಿಂದ ಅಶ್ವತ್ಥಪ್ಪ ಅದನ್ನು ನೋಡುತ್ತಿದ್ದ.

"ನಿನ್ನ ಮಗಳು ಕೆಳಗೆ ಹೋಗಿ ಕೂತಿದ್ದಾಳೆ ಕಣೇ," ಎಂದ ಹೆಂಡತಿಗೆ.

"ಉಣ್ತಿದ್ದಾಳಾ?"

"ಉಣ್ತಿದ್ದಾಳೆ."

"ಹಾಗಾದ್ರೆ ಉಂಡು ಬರ್ಲಿ ಬಿಡಿ," ಎಂದು ಭಾರತಮ್ಮ ಇಬ್ಬರಿಗೆ ಮಾತ್ರ ತಟ್ಟೆ ಇಟ್ಟಳು.